ಮಾಳಮ್ಮ ಓದಿದ ಔಷಧಿ ಡಬ್ಬಿ

ಬೆಳಿಗ್ಗೆ ಆರೂವರೆ. ಕೂಡ್ಲಿಗಿ ತಾಲ್ಲೂಕು ಹೊಸಹಳ್ಳಿಯ ಸೋಮಪ್ಪ ಕಳೆನಾಶಕದ ಡಬ್ಬಿಯನ್ನು ಹೊಲದ ಬದುವಿನ ಮೇಲಿಟ್ಟು, ಸಿಂಪಡಿಸುವ ಪಂಪಿಗೆ ನೀರು ತುಂಬುತ್ತಿದ್ದ.

ಆ ಸಲ ಮಳೆ ಚೆನ್ನಾಗಿ ಬಿದ್ದಿತ್ತು. ಮೆಕ್ಕೆಜೋಳ ಎದ್ದು ನಿಂತಿತ್ತು, ಅದರ ಜೊತೆಗೇ ಕಸವೂ ಎದ್ದಿತ್ತು. ಈ ಕಡೆಯ ರೂಢಿಯಂತೆ ಸೋಮಪ್ಪನ ಹೊಲದಲ್ಲಿ ಆರೇಳು ಸಾಲು ಜೋಳಕ್ಕೊಂದು ಅಕ್ಕಡಿ ಸಾಲಿತ್ತು: ತೊಗರಿ, ನಡುನಡುವೆ ಅಲಸಂದೆ. ಜೋಳ ಸಂತೆಗೆ, ಅಕ್ಕಡಿ ಮನೆಗೆ. ಅಕ್ಕಡಿಗೆ ಬೀಜ ಆರಿಸುವವಳು, ಬಿತ್ತುವವಳು, ಬಂದ ಕಾಳನ್ನು ವರ್ಷಪೂರ್ತಿ ಬೇಳೆ ಮಾಡಿ ಅಡುಗೆಗೆ ಇಡುವವಳು ಅವನ ಹೆಂಡತಿ ಮಾಳಮ್ಮ. ಆ ಸಾಲು ಹೋದರೆ ವರ್ಷದ ಸಾರೇ ಹೋದಂತೆ.

ಡಬ್ಬಿ ಕೊಟ್ಟವನು ಪಕ್ಕದ ಹೊಲದ ಓಬಳೇಶಪ್ಪ. ತಾನು ಬಳಸಿ ಉಳಿದದ್ದನ್ನು ಹಿಂದಿನ ಸಂಜೆ ತಂದುಕೊಟ್ಟು, “ಹೊಡಿಯಲೇ ಸೋಮ. ನಮ್ಮ ಹೊಲ ನೋಡು, ಜ್ವಾಳ ಬಿಟ್ಟರ ಒಂದು ಹುಲ್ಲುಕಡ್ಡಿ ಇಲ್ಲ” ಎಂದಿದ್ದ. ಅದು ಸುಳ್ಳಾಗಿರಲಿಲ್ಲ. ಸೋಮಪ್ಪ ಕಣ್ಣಾರೆ ನೋಡಿ ಬಂದಿದ್ದ.

ರೊಟ್ಟಿಗಂಟು ಹೊತ್ತು ಬಂದ ಮಾಳಮ್ಮ ಗಂಟನ್ನು ಇಳಿಸಿದವಳೇ ಡಬ್ಬಿ ಎತ್ತಿಕೊಂಡಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

“ಏನ್ರಿ, ಸ್ವಲ್ಪ ತಡೀರಿ. ಇದರ ಮ್ಯಾಲೆ ಏನೋ ಬರದೈತಿ.”

“ಬರೀದ ಬಿಡ್ತಾರೇನ? ಕಂಪನಿಯವರು ತಮ್ಮ ಹೆಸರು ಬರ್ಕೊಂಡಾರ. ಕೊಡಿಲ್ಲಿ.”

“ಹೆಸರಲ್ಲ. ಉದ್ದಕ ಐತಿ.”

ಸೋಮಪ್ಪನಿಗೆ ನಗು ಬಂತು. ಮಾಳಮ್ಮ ಇಂಗ್ಲಿಷ್ ಕಲಿಯಲು ಹೋಗುವುದು ಅವನಿಗೆ ಮೊದಲಿನಿಂದಲೂ ತಮಾಷೆಯೇ. ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಸುಮಂಗಲಾ ಸ್ವಸಹಾಯ ಸಂಘದ ಹೆಂಗಸರನ್ನು ಸಂಜೆ ಕೂಡಿಸಿ ಓದಿಸುತ್ತಿದ್ದಳು. ಎ ಫಾರ್ ಆಪಲ್ ಎಂದು ಅವಳು ಶುರು ಮಾಡಲಿಲ್ಲ. “ನಿಮ್ಮ ಮನ್ಯಾಗ ಇಂಗ್ಲಿಷ್ ಅಕ್ಷರ ಯಾವುದರ ಮ್ಯಾಲೆ ಐತೋ ಅದನ್ನ ತರ್ರಿ” ಎಂದಳು. ಗೊಬ್ಬರದ ಚೀಲ ಬಂತು, ಚಹಾಪುಡಿ ಪಾಕೀಟು ಬಂತು, ಬೇಳೆ ಪಾಕೀಟು, ಸೋಪಿನ ಹೊದಿಕೆ, ಕರೆಂಟು ಬಿಲ್ಲು ಬಂದವು. ಆಮೇಲೆ ಅವರವರ ಮನೆ, ಹೊಲದ ಮೇಲೆಯೇ ಚಿಕ್ಕ ಚಿಕ್ಕ ವಾಕ್ಯ ಬರೆದು ಓದಿಸಿದಳು. ಮಾಳಮ್ಮ ಎಡವದೆ ಓದಿದ ಮೊದಲ ವಾಕ್ಯ: “ಮೈ ಹಸ್ಬೆಂಡ್ ಈಸ್ ಸ್ಲೀಪಿಂಗ್.” ‘ನನ್ನ ಗಂಡ ಮಲಗಿದ್ದಾನೆ’ ಎಂಬ ಅದರ ಅರ್ಥ ಓಣಿಗೆಲ್ಲ ತಿಳಿದ ಮೇಲೆಯೇ ಸೋಮಪ್ಪನಿಗೆ ತಿಳಿದದ್ದು.

“ಎಮ್ಮಿ ಮುಂದ ಇಂಗ್ಲಿಷ್ ಮಾತಾಡಿದ್ರ ಹಾಲು ಜಾಸ್ತಿ ಕೊಡ್ತೈತೇನ?” ಎಂದು ಅಂದಿನಿಂದ ಅವನೂ ಸೇಡು ತೀರಿಸಿಕೊಳ್ಳುತ್ತಲೇ ಇದ್ದ.

ಈಗಲೂ ಅದನ್ನೇ ಅನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಮಾಳಮ್ಮ ಡಬ್ಬಿಯ ಮೇಲೆ ಬೆರಳಿಟ್ಟು ಜೋರಾಗಿ ಓದಿದಳು.

“ಡು... ನಾಟ್. ಇದು ಗೊತ್ತು ನಂಗ. ಮಾಡಬ್ಯಾಡ ಅಂತ. ನಡುವಿಂದು ಬರವಲ್ದು. ಇಲ್ಲಿ ಪಲ್ಸಸ್ ಅಂತೈತಿ. ಬ್ಯಾಳಿ ಪಾಕೀಟಿನ ಮ್ಯಾಲೆ ಇದ ಇತ್ತು. ಪಲ್ಸಸ್ ಅಂದ್ರ ಬ್ಯಾಳಿಕಾಳು.”

“ಹಂಗಂದ್ರ?”

“ಬ್ಯಾಳಿಕಾಳಿಗೆ ಏನೋ ಮಾಡಬ್ಯಾಡ ಅಂತಾರ.”

“ಲೇ ಮಾಳಿ, ಇದು ಕಸದ ಎಣ್ಣಿ. ಕಸ ಅಷ್ಟ ಸಾಯಿಸ್ತೈತಿ. ಬೆಳಿ ಮುಟ್ಟಂಗಿಲ್ಲ.”

“ಎಣ್ಣಿಗೆ ಹೆಂಗ ಗೊತ್ತಾಗ್ತೈತ್ರಿ, ಇದು ಕಸ, ಇದು ನಮ್ಮ ತೊಗರಿ ಅಂತ?”

ಸೋಮಪ್ಪನಿಗೆ ಅವಸರವಿತ್ತು. ಇವತ್ತು ಬಿಸಿಲಿದೆ, ನಾಳೆ ಮಳೆ ಹಿಡಿದರೆ ಹೊಲಕ್ಕೆ ಇಳಿಯುವಂತಿಲ್ಲ. ಕಸ ಇನ್ನೊಂದು ವಾರ ಬಿಟ್ಟರೆ ಜೋಳವನ್ನೇ ಮುಚ್ಚುತ್ತದೆ. ಹೀಗೆಲ್ಲ ಅವನು ಹೇಳುತ್ತಿರುವಾಗಲೇ ಮಾಳಮ್ಮ ಸುಮಂಗಲಾಗೆ ಫೋನು ಹಚ್ಚಿ, ನಡುವಿನ ಮಾತನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳಿದಳು.

“ಇಂಟರ್‌ಕ್ರಾಪ್ ಅಂತೈತಿ ಅಕ್ಕಾ” ಎಂದಳು ಸುಮಂಗಲಾ. “ನಮ್ಮ ಅಕ್ಕಡಿ ಬೆಳಿ ಇದ್ದಂಗ. ಬ್ಯಾಳಿಕಾಳಿನ ಅಕ್ಕಡಿ ಇದ್ರ ಹೊಡಿಬ್ಯಾಡ್ರಿ ಅಂತ ನನಗ ಕಾಣ್ತೈತಿ. ಆದ್ರ ಔಷಧಿ ವಿಷಯ, ನನಗ ಕಂಡಿದ್ದು ಸಾಲಂಗಿಲ್ಲ. ರೈತ ಸಂಪರ್ಕ ಕೇಂದ್ರ ಇಲ್ಲೇ ಊರಾಗ ಐತಲ್ಲ, ಡಬ್ಬಿ ತಗೊಂಡು ಹೋಗಿ ಕೇಳ್ರಿ. ಮಾಮಾ ಅದಾರೇನ? ಅವರಿಗೂ ಹೇಳ್ರಿ.”

“ಅದಾರ. ಸ್ಲೀಪಿಂಗ್ ಅಲ್ಲ, ನಿಂತಾರ” ಎಂದು ಮಾಳಮ್ಮ ಫೋನಿಟ್ಟಳು.

ಗೊಣಗುತ್ತಲೇ ಸೋಮಪ್ಪ ಬೈಕು ತೆಗೆದ. ಓಬಳೇಶಪ್ಪನನ್ನೂ ಕರೆದುಕೊಂಡು ಹೋದ. ಮಾತಿಗೊಬ್ಬ ಸಾಕ್ಷಿ ಇರಲಿ ಎಂದು. ಕೇಂದ್ರದ ಬಾಗಿಲು ತೆರೆಯುವ ತನಕ ಇಬ್ಬರೂ ಚಹಾದಂಗಡಿಯಲ್ಲಿ ಕೂತು, ಹೆಂಗಸರು ಓದಲು ಕಲಿತರೆ ಗಂಡಸರಿಗೆ ಆಗುವ ತೊಂದರೆಗಳ ಬಗ್ಗೆ ವಿಸ್ತಾರವಾಗಿ ಮಾತಾಡಿದರು.

ಕೇಂದ್ರದ ಅಧಿಕಾರಿ ಡಬ್ಬಿ ನೋಡಿದವರೇ ಕೇಳಿದರು: “ಹೊಲದಾಗ ಏನೇನು ಹಾಕೀರಿ?”

“ಮೆಕ್ಕಿಜೋಳ ರೀ. ಅಕ್ಕಡಿ ತೊಗರಿ, ಅಲಸಂದಿ.”

“ಹೊಡದ್ರೇನು?”

“ಇನ್ನೂ ಇಲ್ರಿ.”

“ಬಚಾವಾದ್ರಿ. ಇದು ಅಗಲ ಎಲಿ ಗಿಡಾನೂ ಸುಡ್ತೈತಿ. ತೊಗರಿ, ಅಲಸಂದಿ, ಶೇಂಗಾ, ಎಲ್ಲಾ ಇದರ ಲೆಕ್ಕದಾಗ ಕಸಾನ.”

“ನನ್ನ ಹೊಲದಾಗ ಏನೂ ಆಗಲಿಲ್ಲಲ್ರಿ?” ಎಂದ ಓಬಳೇಶಪ್ಪ.

“ನೀವು ಅಕ್ಕಡಿ ಹಾಕೀರೇನು?”

“ಇಲ್ರಿ, ಬರೇ ಜ್ವಾಳ.”

“ಅದಕ್ಕ ಏನೂ ಆಗಿಲ್ಲ. ಡಬ್ಬಿ ಜೊತಿ ಕನ್ನಡದ ಚೀಟಿ ಕೊಟ್ಟಿರ್ತಾರಲ್ಲ, ಅದು ಎಲ್ಲೈತಿ?”

“ಅದು... ಗಾಳಿಗೆ ಹಾರಿ ಹೋತ್ರಿ.”

ಓಬಳೇಶಪ್ಪ ಸೋಮಪ್ಪನ ಕಿವಿಯ ಹತ್ತಿರ ಬಾಗಿದ.

“ಲೇ ಸೋಮ, ನೀ ಹೊಡದು ಉಳಿದಿದ್ದನ್ನ ನಾಳಿ ನಮ್ಮ ಇನ್ನೊಂದು ಹೊಲದ ಶೇಂಗಾಕ್ಕ ಹೊಡಿಯೋನಿದ್ದೆ.”

ಸೋಮಪ್ಪ ಎಷ್ಟು ಜೋರಾಗಿ ನಕ್ಕನೆಂದರೆ ಅಧಿಕಾರಿ ತಲೆಯೆತ್ತಿ ನೋಡಿದರು. ಅಕ್ಕಡಿ ಇರುವ ಹೊಲಕ್ಕೆ, ಎತ್ತು ಹೂಡಿ ಸಾಲುಗಳ ನಡುವಿನ ಕಸ ತೆಗೆಯುವ ಎಡೆಕುಂಟೆಯೇ ಸರಿ, ಸಾಲಿನೊಳಗಿನ ಕಸವನ್ನು ಕೈಯಿಂದ ಕೀಳಿ ಎಂದು ಹೇಳಿ ಕಳಿಸಿದರು.

ಹೊಲಕ್ಕೆ ಮರಳಿದಾಗ ಮಾಳಮ್ಮ ಬದುವಿನ ಮೇಲೆ ಕೂತು ಕಾಯುತ್ತಿದ್ದಳು.

“ಏನಂದ್ರು?”

“ನೀ ಅಂದಿದ್ದನ್ನ ಅಂದ್ರು.” ಸೋಮಪ್ಪ ಪಂಪಿನ ನೀರನ್ನು ಜೋಳದ ಬುಡಕ್ಕೆ ಸುರಿದ. ಅದರಲ್ಲಿ ಇನ್ನೂ ಔಷಧಿ ಬೆರೆಸಿರಲಿಲ್ಲ. ಬದುವಿನ ಮೇಲೆ ಮಡಚಿಟ್ಟಿದ್ದ ಖಾಲಿ ಗೊಬ್ಬರದ ಚೀಲವನ್ನು ಅವಳ ಕೈಗೆ ಕೊಟ್ಟ. “ಅದು ಸರಿ, ಈ ಗೊಬ್ಬರದ ಚೀಲದ ಮ್ಯಾಲೆ ಏನ ಬರದೈತಿ, ಓದು ನೋಡೋಣ.”

ಮಾಳಮ್ಮ ಚೀಲ ಬಿಡಿಸಿ ನೋಡಿದಳು. “ಇದು ಬರಂಗಿಲ್ರಿ. ಇನ್ನೂ ಅಷ್ಟು ಕಲ್ತಿಲ್ಲ.”

“ಹಂಗಾದ್ರ ಲಗೂನ ಕಲಿ. ನಾನೂ ಬರ್ಲೇನು? ಗಂಡಸರನ್ನ ಕೂಡಿಸ್ಕೊಂತಾರೇನು?”

“ಎಚ್ಚರಿರೋ ಗಂಡಸರನ್ನ ಕೂಡಿಸ್ಕೊಂತಾರ.”

ಓದುಗರೇ, ಇಂಗ್ಲಿಷ್ ಕಲಿಯಲು ದೊಡ್ಡ ಪುಸ್ತಕವನ್ನಾಗಲಿ ದೂರದ ಊರನ್ನಾಗಲಿ ಹುಡುಕಬೇಕಿಲ್ಲ. ಬೀಜದ ಚೀಲ, ಗೊಬ್ಬರದ ಚೀಲ, ಮಾತ್ರೆಯ ಹಾಳೆ, ಬಸ್ಸಿನ ಫಲಕ, ಎಲ್ಲದರ ಮೇಲೂ ಅದು ಕೂತಿದೆ. ದಿನಕ್ಕೆ ಒಂದೆರಡು ಮಾತು ಸಾಕು. ನಿಮಗೆ ಗೊತ್ತಿರುವ ಬೆಳೆ, ಅಡುಗೆ, ದನಕರುಗಳ ಬಗ್ಗೆ ಓದಿ. ಗೊತ್ತಿರುವ ವಿಷಯದಲ್ಲಿ ಗೊತ್ತಿಲ್ಲದ ಮಾತು ಬೇಗ ಹಿಡಿತಕ್ಕೆ ಬರುತ್ತದೆ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಕೇಳಿ, ಸಂಘದ ಸಭೆಯಲ್ಲಿ ಅರ್ಧ ತಾಸು ಇದಕ್ಕೆಂದು ಇಡಿ. ಆದರೆ ಔಷಧಿಯ ವಿಷಯದಲ್ಲಿ ಊಹೆ ಬೇಡ. ಕನ್ನಡದ ಚೀಟಿಯನ್ನು ಡಬ್ಬಿಯ ಜೊತೆಗೇ ಕಟ್ಟಿಡಿ. ಅರ್ಧ ತಿಳಿದರೆ ಕೈ ತಡೆಯಿರಿ, ಪೂರ್ತಿ ತಿಳಿಯಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.

ಸೋಮಪ್ಪ ಆ ಮಧ್ಯಾಹ್ನವೇ ಎತ್ತು ಹೂಡಿ ಎಡೆಕುಂಟೆ ಹೊಡೆದ. ಮಾಳಮ್ಮ ಮತ್ತು ಸಂಘದ ಹೆಂಗಸರು ಸಾಲಿನೊಳಗಿನ ಕಸ ಕಿತ್ತರು. ಮರುದಿನ ಮಳೆ ಬಂತು. ತೊಗರಿ ಜನವರಿಯಲ್ಲಿ ಕಟಾವಾಯಿತು.