ಸಿರಿಲ್‌ಗೆ ಬಾಕಿಯಿದ್ದ ಗಂಟೆ

ಸೆಪ್ಟೆಂಬರ್ ಕೊನೆಯ ವಾರ. ಮೂರು ದಿನ ಬಿಡದೆ ಸುರಿದ ಮಳೆ ನಿಂತಿತ್ತು, ಬಿಸಿಲು ಮಾತ್ರ ಇನ್ನೂ ಬಂದಿರಲಿಲ್ಲ. ಇಂಗ್ಲಿಷರ ನಾಡಿನ ಡೆವನ್ ಸೀಮೆಯ ಥಾರ್ನಿಕಂಬ್ ಹಳ್ಳಿಯಲ್ಲಿ ಹೆಡ್ಲಿ ಲಸ್ಕಂಬ್ ಬೆಳಗಿನಿಂದ ಕುರಿಗಳ ಗೊರಸು ಕತ್ತರಿಸುತ್ತಿದ್ದ. ಟಗರು ಬಿಡುವ ಮುಂಚೆ ಹೆಣ್ಣು ಕುರಿಗಳ ಕಾಲು ಸರಿಯಿರಬೇಕು. ಒಂದೊಂದನ್ನೇ ಎಳೆದು ತಂದು, ಕುಂಡೆಯ ಮೇಲೆ ಕೂರಿಸಿ, ಮೊಣಕಾಲಿನ ನಡುವೆ ಒತ್ತಿ ಹಿಡಿದು ಬೆಳೆದ ಗೊರಸನ್ನು ಕತ್ತರಿಸುತ್ತಿದ್ದ. ಆಮೇಲೆ ಮದ್ದಿನ ನೀರಿನ ತೊಟ್ಟಿಯಲ್ಲಿ ದಾಟಿಸಿ ಹುಲ್ಲಿಗೆ ಬಿಡುತ್ತಿದ್ದ. ನಲವತ್ತು ಕುರಿ ಮುಗಿದಿದ್ದವು. ಎಪ್ಪತ್ತೊಂದು ವರ್ಷದ ಬೆನ್ನು ಸಾಕು ಎನ್ನುತ್ತಿತ್ತು.

ಗೇಟಿನಾಚೆ ಮ್ಯೂರಿಯಲ್ ಬಂದು ನಿಂತಳು. ಏಪ್ರಿಲ್‌ನಲ್ಲಿ ಕೊರೊನಾದಿಂದ ತೀರಿಕೊಂಡ ಸಿರಿಲ್‌ನ ಹೆಂಡತಿ. ಕೊರೊನಾ ಬಂದಮೇಲೆ ಊರಿನವರೆಲ್ಲ ಹೀಗೆಯೇ, ಗೇಟಿನಾಚೆ ನಿಂತೇ ಮಾತಾಡುವುದು.

"ಕೆಲ್ಸ ನಿಲ್ಲಿಸ್ಬೇಡ ಹೆಡ್ಲಿ. ಇಲ್ಲಿಂದ್ಲೇ ಹೇಳ್ತೀನಿ. ಬರೋ ಭಾನುವಾರ ಸಿರಿಲ್‌ಗೆ ಸಮಾಧಿ ಕಲ್ಲು ನಿಲ್ಲಿಸ್ತಾರೆ."

"ಕೇಳ್ದೆ."

"ಐವತ್ತೆರಡು ವರ್ಷ ಗಂಟೆ ಹಗ್ಗ ಎಳೆದ ಮನುಷ್ಯ. ಮಣ್ಣಿಗೆ ಇಟ್ಟಾಗ ಒಂದು ಗಂಟೇನೂ ಬಡೀಲಿಲ್ಲ. ನಾನು, ಪಾದ್ರಿ, ಹೊತ್ತುಕೊಂಡು ಬಂದ ನಾಲ್ಕು ಜನ. ಮಗಳು ಫೋನಲ್ಲಿ ನೋಡಿದ್ಲು."

ಹೆಡ್ಲಿ ಕುರಿಯ ಕಾಲು ಬಿಟ್ಟ. ಊರಿನ ಚರ್ಚಿನ ಗಂಟೆ ಬಾರಿಸುವ ಬಳಗಕ್ಕೆ ಅವನೇ ಹಿರಿಯ. ಬಳಗದವರು ಯಾರೇ ಸತ್ತರೂ ಗಂಟೆಗಳ ನಾಲಿಗೆಗೆ ಒಂದು ಮಗ್ಗುಲಲ್ಲಿ ಚರ್ಮದ ಪಟ್ಟಿ ಕಟ್ಟಿ ಬಾರಿಸುವುದು ಅಜ್ಜಂದಿರ ಕಾಲದಿಂದ ಬಂದ ರೂಢಿ. ಆಗ ಒಂದು ಹೊಡೆತ ಗಟ್ಟಿಯಾಗಿ ಕೇಳುತ್ತದೆ, ಮರುಹೊಡೆತ ಗುಡ್ಡದಾಚೆಯಿಂದ ಬಂದಂತೆ. ಸಿರಿಲ್ ಒಬ್ಬನಿಗೆ ಅದು ಆಗಿರಲಿಲ್ಲ. ಮಾರ್ಚ್‌ನಿಂದ ಗೋಪುರಕ್ಕೆ ಬೀಗ ಬಿದ್ದಿತ್ತು.

"ಭಾನುವಾರ ಬಾರಿಸ್ತೀವಿ," ಎಂದ ಹೆಡ್ಲಿ. "ಮಾತು ಕೊಟ್ಟೆ."

*

ಮಂಗಳವಾರ ಸಂಜೆ ಗೋಪುರದ ಬೀಗ ತೆಗೆಸಿದ. ಕಲ್ಲಿನ ಸುತ್ತುಮೆಟ್ಟಿಲು ಹತ್ತಿದರೆ ಗಂಟೆಕೋಣೆ. ಆರು ಗಂಟೆಗಳ ಆರು ಹಗ್ಗ ಚಾವಣಿಯ ತೂತುಗಳಿಂದ ಇಳಿಬಿದ್ದಿರುತ್ತವೆ. ಕೈ ಹಿಡಿಯುವ ಕಡೆ ದಪ್ಪಗೆ ಉಣ್ಣೆ ನೇಯ್ದಿರುತ್ತದೆ. ಆರು ತಿಂಗಳಿಂದ ಯಾರೂ ಮುಟ್ಟದ ಉಣ್ಣೆಗೆ ತೇವದ ವಾಸನೆ ಹತ್ತಿತ್ತು.

ರೋವೀನಾ ಆಗಲೇ ಬಂದು ಎರಡು ಕಿಟಕಿಗಳನ್ನೂ ತೆರೆದಿಟ್ಟಿದ್ದಳು. ಅವಳು ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಸರ್ಕಾರಿ ನರ್ಸ್. ಈ ಬಳಗದಲ್ಲಿ ಎಲ್ಲಕ್ಕಿಂತ ಚಿಕ್ಕ ಗಂಟೆ ಅವಳದು. ಮುಖಕ್ಕೆ ಮಾಸ್ಕ್ ಇತ್ತು, ಕೈಯಲ್ಲೊಂದು ಹಾಳೆ.

"ಆರು ಜನ ನಿಲ್ಲೋ ಹಾಗಿಲ್ಲ, ಹೆಡ್ಲಿ. ಒಂದು ಹಗ್ಗ ಬಿಟ್ಟು ಒಂದು. ಮೂರೇ ಜನ, ಹದಿನೈದು ನಿಮಿಷ ಅಷ್ಟೇ."

"ಮೂರು ಗಂಟೆನಾ? ಹಾಲಿನ ಗಾಡಿ ಬಂತೇನೋ ಅಂದ್ಕೋತಾರೆ ಜನ."

ಹೆಡ್ಲಿ ನಗುತ್ತ ತನ್ನ ಹಗ್ಗವನ್ನು ಕೊಕ್ಕೆಯಿಂದ ಬಿಡಿಸಿದ. ಐವತ್ತೈದು ವರ್ಷದಿಂದ ಮಾಡಿದಂತೆ ಎರಡೂ ಅಂಗೈಗೆ ಉಗುಳಿ ಉಜ್ಜಿಕೊಂಡು ಹಗ್ಗ ಹಿಡಿದ.

ರೋವೀನಾ ಎರಡು ಹೆಜ್ಜೆ ಹಿಂದೆ ಸರಿದಳು. "ಇದೇ, ಇದನ್ನೇ ನಾನು ಹೇಳ್ಬೇಕು ಅಂತಿದ್ದಿದ್ದು."

"ಏನು?"

"ಉಗುಳೋದು."

"ಉಗುಳದೆ ಹಗ್ಗ ಎಳಿಯೋಕಾಗುತ್ತಾ ಮಗಳೇ? ಒಣ ಕೈ ಜಾರುತ್ತೆ. ನಮ್ಮಪ್ಪ ಉಗುಳಿದ, ಅವರಪ್ಪ ಉಗುಳಿದ. ನಿಂಗೆ ಹಗ್ಗ ಹಿಡಿಯೋದು ಕಲಿಸಿದಾಗ ನೀನೂ ಉಗುಳಿದೆ."

"ಉಗುಳಿದೆ. ಇನ್ನು ಉಗುಳಲ್ಲ. ನಿಮ್ಮ ಬಾಯಲ್ಲಿದ್ದಿದ್ದು ಕೈಗೆ ಬಂತು, ಕೈಯಿಂದ ಉಣ್ಣೆಗೆ ಹೋಯ್ತು. ಮುಂದಿನವನು ಅದೇ ಉಣ್ಣೆ ಹಿಡಿದು, ಬೆವರು ಅಂತ ಮುಖ ಒರೆಸಿಕೊಳ್ತಾನೆ. ಅದಕ್ಕೂ ದೊಡ್ಡದು ಉಸಿರು. ಈ ಕೋಣೆ ನೋಡಿ, ಪೆಟ್ಟಿಗೆ ಇದ್ದಂಗಿದೆ. ಎಳೀತಾ ಎಲ್ರೂ ಜೋರಾಗಿ ಉಸಿರು ಬಿಡ್ತೀವಿ. ಒಬ್ರು ಬಿಟ್ಟಿದ್ದನ್ನ ಇನ್ನೊಬ್ರು ಎಳ್ಕೋತೀವಿ. ಅದಕ್ಕೇ ಮಾಸ್ಕು, ಅದಕ್ಕೇ ಕಿಟಕಿ."

"ಹಂಗಾದ್ರೆ ಹಗ್ಗಾನೇ ಕುರಿ ತೊಟ್ಟಿ ಮದ್ದಲ್ಲಿ ಅದ್ದಿ ತೆಗೀತೀನಿ. ಮುಗೀತಲ್ಲ."

"ಅದ್ದಿದ್ರೆ ನಾರು ಸುಟ್ಟು ಹೋಗುತ್ತೆ. ಎಳೀವಾಗ ಹಗ್ಗ ಕಿತ್ತುಬಂದ್ರೆ, ಮೇಲೆ ಅಷ್ಟು ಭಾರದ ಗಂಟೆ ತಡೆಯೋರಿಲ್ಲದೆ ತಿರುಗ್ತಾ ಇರುತ್ತೆ. ಹಗ್ಗಕ್ಕೆ ಯಾವ ಮದ್ದೂ ಬೇಡ. ಕೈ ಶುದ್ಧ ಮಾಡ್ಕೊಳ್ಳಿ, ಅದು ಪೂರ್ತಿ ಒಣಗಲಿ, ಆಮೇಲೆ ಹಗ್ಗ ಮುಟ್ಟಿ. ಯಾರ ಹಗ್ಗ ಅವರದೇ, ಆ ದಿನ ಇನ್ನೊಬ್ರು ಮುಟ್ಟೋ ಹಾಗಿಲ್ಲ. ಮುಗಿದ ತಕ್ಷಣ ಮತ್ತೆ ಕೈ. ಆಮೇಲೆ ಮೂರು ದಿನ ಹಗ್ಗಾನ ಅದರ ಪಾಡಿಗೆ ಬಿಟ್ಬಿಡೋದು."

ಹೆಡ್ಲಿಗೆ ಸಿಟ್ಟು ಬಂತು. ಎಲ್ಲಿಂದ ಬಂತೆಂದು ಅವನಿಗೇ ತಿಳಿಯಲಿಲ್ಲ.

"ಹಗ್ಗದಿಂದ ಜನ ಸಾಯೋದಾಗಿದ್ರೆ ಈ ಊರಲ್ಲಿ ಒಬ್ಬ ಗಂಟೆಯವನೂ ಉಳೀತಿರ್ಲಿಲ್ಲ. ನಾನು ಇಷ್ಟು ವರ್ಷ ಹೇಗೆ ಎಳೆದಿದೀನೋ ಹಾಗೇ ಎಳೀತೀನಿ. ನಿನ್ನ ಹಾಳೇನ ಆಸ್ಪತ್ರೇಲಿ ಅಂಟಿಸ್ಕೋ."

ಅವನು ಉಗುಳಿ ಹಿಡಿದಿದ್ದ ಆ ಹಗ್ಗವನ್ನು ರೋವೀನಾ ದೂರದಿಂದ ನೋಡಿ, ಹಾಳೆಯ ಮೇಲೆ ಬರೆದಳು: ಎರಡನೇ ಹಗ್ಗ, ಮಂಗಳವಾರ, ಶುಕ್ರವಾರದವರೆಗೆ ಯಾರೂ ಮುಟ್ಟಬೇಡಿ.

*

ಮನೆಯಲ್ಲಿ ಹೆಂಡತಿ ಏವಿಸ್ ಒಲೆಯ ಪಕ್ಕ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ಬೂಸಲು ಹಿಡಿದ ಹುಲ್ಲಿನ ಧೂಳು ವರ್ಷಗಟ್ಟಲೆ ಕುಡಿದು ಅವಳ ಶ್ವಾಸಕೋಶ ಎಂದೋ ಸೋತಿತ್ತು. ನಾಲ್ಕು ಗೆಡ್ಡೆ ಹೆರೆದರೆ ಒಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕು. ಹೆಡ್ಲಿ ಗೋಪುರದ ಜಗಳವನ್ನೆಲ್ಲ ಹೇಳಿದ. ನರ್ಸಮ್ಮನ ದನಿಯನ್ನೂ ಅಣಕಿಸಿದ. ಏವಿಸ್ ನಗಲಿಲ್ಲ.

"ಮಾರ್ಚ್‌ನಲ್ಲಿ ಕಡೇ ಸಲ ಅಭ್ಯಾಸಕ್ಕೆ ಹೋದ್ಯಲ್ಲ, ಆವತ್ತು ನಿಂಗೆ ಕೆಮ್ಮಿತ್ತು," ಎಂದಳು.

"ನೆಗಡಿ."

"ಇರ್ಬಹುದು. ಎರಡು ದಿನ ರುಚಿ ಗೊತ್ತಾಗ್ತಿಲ್ಲ ಅಂದೆ. ಸಾರಿಗೆ ಉಪ್ಪೇ ಹಾಕಿಲ್ಲ ಅಂತ ನನ್ನ ಬೈದೆ."

ಹೆಡ್ಲಿ ಬೂಟು ಬಿಚ್ಚುತ್ತಿದ್ದವನು ಹಾಗೇ ಕೂತ.

"ಆವತ್ತು ಸಿರಿಲ್‌ದು ಯಾವ ಗಂಟೆ?"

"ದೊಡ್ಡದು."

"ಅವನಿಗಿಂತ ಮುಂಚೆ ಅದನ್ನ ಎಳೆದಿದ್ದು?"

ಹೆಡ್ಲಿಗೆ ಆ ಸಂಜೆ ನೆನಪಿಗೆ ಬಂತು. ಸಿರಿಲ್ ತಡವಾಗಿ ಬಂದಿದ್ದ. ಅವನು ಬರುವವರೆಗೆ ದೊಡ್ಡ ಗಂಟೆಯನ್ನು ಹೆಡ್ಲಿಯೇ ಎಳೆದಿದ್ದ. ಉಗುಳಿ, ಉಜ್ಜಿ, ಎಳೆದು, ಬೆಚ್ಚಗಿದ್ದ ಹಗ್ಗವನ್ನು ಸಿರಿಲ್‌ನ ಕೈಗೆ ಕೊಟ್ಟಿದ್ದ. "ಒದ್ದೆ ಮಾಡಿಟ್ಟಿದೀನಿ ನೋಡು, ಯಜಮಾನ," ಎಂದು ಹಾಸ್ಯ ಕೂಡ ಮಾಡಿದ್ದ. ಆಮೇಲೆ ಎಲ್ಲರೂ ಒಂದೇ ಬೆಂಚಿನಲ್ಲಿ ಒತ್ತಿ ಕೂತು ಸೇಬಿನ ಮದ್ಯ ಸೈಡರ್ ಕುಡಿದಿದ್ದರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿ ಏನಾಗ್ಬೇಕಿತ್ತು?" ಏವಿಸ್ ಸ್ವಲ್ಪ ಹೊತ್ತು ಉಸಿರಿಗೆ ಕಾದಳು. "ನನಗೂ ಬಂದಿದ್ರೆ ಇವತ್ತು ಈ ಆಲೂಗಡ್ಡೆ ನೀನೇ ಹೆರೀಬೇಕಿತ್ತು. ಆಗ ಹ್ಯಾಗೋ ತಪ್ಪಿತು. ಭಾನುವಾರ ಹೋಗು, ಬೇಡ ಅನ್ನಲ್ಲ. ಅಲ್ಲಿಂದ ಏನನ್ನ ತರ್ತೀಯ ಅನ್ನೋದು ಮಾತ್ರ ನೋಡ್ಕೋ."

*

ಮರುದಿನ ಬೆಳಗ್ಗೆ ರೋವೀನಾ ಕೆಲಸಕ್ಕೆ ಹೊರಡುವ ಹೊತ್ತಿಗೆ ಹೆಡ್ಲಿ ಅವಳ ಕಾರಿನಿಂದ ದೂರದಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿತ್ತು.

"ಸಿರಿಲ್‌ಗೆ ನನ್ನಿಂದ ಬಂತಾ?" ಎಂದು ಕೇಳಿದ. ಬೇರೆ ಪೀಠಿಕೆ ಇರಲಿಲ್ಲ.

ರೋವೀನಾ ಕಾರಿನ ಬಾಗಿಲು ಮುಚ್ಚಿದಳು. ಇಲ್ಲವೆಂದು ಸುಳ್ಳು ಹೇಳಿಬಿಡುವುದು ಸುಲಭವಿತ್ತು, ಅವಳು ಹೇಳಲಿಲ್ಲ.

"ಗೊತ್ತಿಲ್ಲ, ಹೆಡ್ಲಿ. ಸಿರಿಲ್ ಆ ವಾರ ಸಂತೆಗೂ ಹೋಗಿದ್ರು. ಆವತ್ತು ಕೋಣೇಲಿ ನಾನೂ ಇದ್ದೆ, ನಾನೂ ಆಸ್ಪತ್ರೆಯಿಂದಲೇ ಬಂದಿದ್ದೆ. ನನ್ನಿಂದಲೂ ಇರಬಹುದು. ಯಾರಿಂದ ಅಂತ ಯಾವತ್ತೂ ಗೊತ್ತಾಗಲ್ಲ."

"ಇಲ್ಲ ಅಂತ ಹೇಳ್ಬಹುದಿತ್ತು ನೀನು."

"ಹೇಳಿದ್ರೆ ನೀವು ನಂಬ್ತಿರ್ಲಿಲ್ಲ. ಆಗ ನಮಗ್ಯಾರಿಗೂ ತಿಳಿದಿರ್ಲಿಲ್ಲ. ಈಗ ತಿಳಿದಿದೆ, ಅಷ್ಟೇ ವ್ಯತ್ಯಾಸ."

ಹೆಡ್ಲಿ ಟೋಪಿಯ ಅಂಚು ತಿರುಗಿಸುತ್ತ ನಿಂತ. ಕೊನೆಗೆ, "ಒಣ ಕೈ ಜಾರುತ್ತೆ ಅನ್ನೋದು ಸುಳ್ಳಲ್ಲ ಮಗಳೇ," ಎಂದ.

"ಗೊತ್ತು. ಒಗೆದ ಬಟ್ಟೆ ತುಂಡು ನೀರಲ್ಲಿ ಅದ್ದಿ, ಹಿಂಡಿ, ಶುಭ್ರವಾದ ಚೀಲದಲ್ಲಿ ಹಾಕ್ಕೊಂಡು ಬನ್ನಿ. ಕೈ ಶುದ್ಧ ಮಾಡಿ ಒಣಗಿದ ಮೇಲೆ ಅದನ್ನ ಒಮ್ಮೆ ಒತ್ತಿದ್ರೆ ಸಾಕು. ಆ ಬಟ್ಟೆ ನಿಮ್ಮದೊಂದೇ, ಯಾರಿಗೂ ಕೊಡೋ ಹಾಗಿಲ್ಲ. ಜ್ವರ ಕೆಮ್ಮು ಏನೇ ಇದ್ರೂ ಗೋಪುರದ ಕಡೆ ಬರಬೇಡಿ. ಹಿರಿಯರು ನೀವು, ನೀವು ಮಾಡಿದ್ರೆ ಉಳಿದವರು ಮಾಡ್ತಾರೆ."

*

ಭಾನುವಾರ ಮೋಡ ಗೋಪುರದ ತುದಿಗೇ ಇಳಿದಿತ್ತು. ಚರ್ಮದ ಪಟ್ಟಿ ಕಟ್ಟಲು ಹೆಡ್ಲಿ ಒಬ್ಬನೇ ಗಂಟೆಗಳ ಬಳಿಗೆ ಹತ್ತಿದ. ಹಿಂದೆ ಮೂವರು ನಾಲ್ವರು ಹತ್ತಿ, ಪಟ್ಟಿ ಕೈಯಿಂದ ಕೈಗೆ ಕೊಡುತ್ತ ಹರಟೆ ಹೊಡೆಯುತ್ತಿದ್ದರು. ಕೆಳಗಿಳಿದು ಕೈ ಶುದ್ಧ ಮಾಡಿಕೊಂಡ, ಒಣಗಲು ಬಿಟ್ಟ. ಹಾಲಿನ ಟ್ಯಾಂಕರ್ ಓಡಿಸುವ ಡೆಂಜಿಲ್ ಮೂರನೆಯವನು. ಅವನೂ ಎರಡು ಕೈ ಗಾಳಿಯಲ್ಲಿ ಹಿಡಿದು ನಿಂತಿದ್ದ.

"ಶಸ್ತ್ರಚಿಕಿತ್ಸೆಗೆ ನಿಂತಂಗಿದೀವಿ," ಎಂದ ಡೆಂಜಿಲ್.

"ಸುಮ್ನಿರು. ಇನ್ನೂ ಒಣಗಿಲ್ಲ ನಿಂದು," ಎಂದ ಹೆಡ್ಲಿ.

ಸಿರಿಲ್ ಎಳೆಯುತ್ತಿದ್ದ ದೊಡ್ಡ ಗಂಟೆಯ ಹಗ್ಗದ ಮುಂದೆ ಹೆಡ್ಲಿ ನಿಂತ. ಅಭ್ಯಾಸಬಲದಿಂದ ಅಂಗೈ ಬಾಯಿಯವರೆಗೆ ಹೋಯಿತು. ಮಾಸ್ಕ್ ತಡೆಯಿತು. ಅವನು ಕೈ ಇಳಿಸಿ, ಹೊಸದಾಗಿ ಶುದ್ಧ ಮಾಡಿಕೊಂಡು, ಮತ್ತೆ ಒಣಗಿಸಿದ. ಉಳಿದಿಬ್ಬರೂ ಕಾದರು, ಯಾರೂ ನಗಲಿಲ್ಲ. ಅವನು ಚೀಲದಿಂದ ತನ್ನ ಬಟ್ಟೆ ತೆಗೆದು ಅಂಗೈಗೆ ಒತ್ತಿಕೊಂಡ.

ಹಗ್ಗ ಜಾರಲಿಲ್ಲ.

ತೆರೆದ ಕಿಟಕಿಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಒಂದು ಹೊಡೆತ ಊರಿಗೆ ಕೇಳುವಂತೆ, ಒಂದು ಹೊಡೆತ ಮಣ್ಣಿನೊಳಗಿಂದ ಬಂದಂತೆ. ಹಲ್ಲು ಬಿದ್ದ ಬಾಯಿಯ ಹಾಗೆ, ನಡುನಡುವೆ ಮೂರು ಗಂಟೆಗಳ ಜಾಗ ಖಾಲಿ. ಹದಿನೈದು ನಿಮಿಷವಾದಾಗ ರೋವೀನಾ ತಲೆಯಾಡಿಸಿದಳು. ನಿಲ್ಲಿಸಿದರು. ಕೈ ಶುದ್ಧ ಮಾಡಿಕೊಂಡರು. ಸೈಡರ್ ಕುಡಿಯಲು ಯಾರೂ ಹೋಗಲಿಲ್ಲ.

ಹೊಸ ಕಲ್ಲಿನ ಬಳಿ ಮ್ಯೂರಿಯಲ್ ಒಬ್ಬಳೇ ಇದ್ದಳು. ಹೆಡ್ಲಿ ಎರಡು ಸಮಾಧಿಗಳಷ್ಟು ದೂರದಲ್ಲಿ ನಿಂತ. ಟೋಪಿ ತೆಗೆದ. "ಮಾರ್ಚ್‌ನಲ್ಲಿ ಕಡೇ ಸಲ ಬಾರಿಸಿದಾಗ ನನಗೆ ಕೆಮ್ಮಿತ್ತು, ಮ್ಯೂರಿಯಲ್," ಎಂದ.

ಅವಳು ಕಲ್ಲಿನ ಮೇಲೆ ಬಿದ್ದಿದ್ದ ಎಲೆಯೊಂದನ್ನು ತೆಗೆದಳು.

"ಮೂರು ಗಂಟೆ ಬಾರಿಸಿದ್ದಾಯ್ತು," ಎಂದಳು. "ಇನ್ನು ಮೂರು ಬಾಕಿ ಇದೆ."

"ಇದೆ. ಎಲ್ರೂ ಸೇರಿ ನಿಲ್ಲೋ ದಿನ ಬರಲಿ, ಆರನ್ನೂ ಬಾರಿಸ್ತೀವಿ."

"ಅಲ್ಲಿವರೆಗೆ ಬದುಕಿರು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲಿ ಇಂಥ ಹಗ್ಗ ಇಲ್ಲದಿರಬಹುದು. ಭಜನೆ ಮಂಡಳಿಯ ತಾಳ ಇದೆ, ಬಾಯಿಂದ ಬಾಯಿಗೆ ಹೋಗುವ ಮೈಕ್ ಇದೆ, ಸಂಘದ ಹೊಲಿಗೆ ಯಂತ್ರ ಇದೆ. ಹತ್ತು ಕೈ ಮುಟ್ಟುವ ವಸ್ತುವನ್ನು ಮುಟ್ಟುವ ಮುಂಚೆ ಕೈ ತೊಳೆಯಿರಿ, ಮುಟ್ಟಿದ ಮೇಲೂ ತೊಳೆಯಿರಿ. ನಿಮ್ಮ ವಸ್ತುವನ್ನು ನೀವೊಬ್ಬರೇ ಬಳಸಿ. ಕಿಟಕಿ ತೆರೆಯಿರಿ, ಬಾಯಿ ಮೂಗು ಮುಚ್ಚಿಕೊಳ್ಳಿ. ಮೈ ಸರಿಯಿಲ್ಲವೆನಿಸಿದ ದಿನ ಮನೆಯಲ್ಲೇ ಉಳಿಯಿರಿ, ನೀವಿಲ್ಲದೆ ಆ ದಿನದ ಹಾಡು ನಿಂತರೂ ನಿಲ್ಲಲಿ. ತಪ್ಪಿಹೋದ ಹಾಡನ್ನು ಮುಂದೊಂದು ದಿನ ಹಾಡಿ ತೀರಿಸಬಹುದು. ಹೆಡ್ಲಿಯ ಮೂರು ಗಂಟೆ ಇನ್ನೂ ಬಾಕಿಯೇ ಇದೆ.