ಹಡಗಿನ ಊಟಕ್ಕೆ ಉಟ್ಟ ಪಂಚೆ

ಪ್ರವಾಸಿ ಹಡಗಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೇಮಶ್ರೀ ಶಿವನಿ ಊರಿನ ತನ್ನ ಮನೆಗೆ ಫೋನ್ ಮಾಡಿದಾಗಲೆಲ್ಲ ಅಲ್ಲಿನ ಊಟದ ಕೋಣೆಯ ಸುದ್ದಿಯನ್ನೇ ಹೇಳುತ್ತಿದ್ದಳು. ಮೇಜಿನ ಮೇಲೆ ನೆಲ ಮುಟ್ಟುವ ಬಿಳಿ ಬಟ್ಟೆ. ಕೋಟು ಹಾಕಿಕೊಂಡೇ ಬರುವ ಗಂಡಸರು. ಪ್ರಯಾಣ ಮುಗಿಯುವವರೆಗೂ ಒಂದು ಮನೆಯವರಿಗೆ ಅದೇ ಮೇಜು, ಅದೇ ಬಡಿಸುವವನು; ಎರಡನೇ ದಿನಕ್ಕೆಲ್ಲ ಯಾರಿಗೆ ಈರುಳ್ಳಿ ಆಗದು ಎಂಬುದು ಅವನಿಗೆ ಬಾಯಿಪಾಠ. ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಳ್ಳುವುದು, ಉಡುಪು ಸರಿಯಿಲ್ಲದವರನ್ನು ನಯವಾಗಿ ಹಿಂದೆ ಕಳಿಸುವುದು ಅವಳ ಕೆಲಸ.

ಅಪ್ಪ ತಿಮ್ಮಪ್ಪನಿಗೆ ಇದನ್ನು ಕೇಳಿದಷ್ಟೂ ಸಾಲದು. ತೆಂಗಿನಕಾಯಿ ಹಾಕಲು ತರೀಕೆರೆಗೆ ಹೋದರೆ ಮಂಡಿಯವರಿಗೂ ಹೇಳಿ ಬರುತ್ತಿದ್ದ. "ನಮ್ಮ ಕಡೆ ಮದುವೆ ಊಟದಾಗೆ ಉಣ್ಣೋನ ಬೆನ್ನಿಗೇ ಇನ್ನೊಬ್ಬ ಕುರ್ಚಿ ಹಿಡ್ಕಂಡು ನಿಂತಿರ್ತಾನೆ. ಮಜ್ಜಿಗೆ ಕುಡಿಯೋದ್ರೊಳಗೆ ಎಲೆ ಎತ್ತಿಬಿಡ್ತಾರೆ. ನನ್ನ ಮಗಳು ಇರೋ ಕಡೆ ಹಂಗಲ್ಲ ಕಣಪ್ಪಾ, ಮರ್ಯಾದೆ ಅಂದ್ರೆ ಅದು."

ಆಮೇಲೆ ಕೊರೊನಾ ಬಂತು, ಹಡಗುಗಳು ನಿಂತವು. ಮತ್ತೆ ಹೊರಟಾಗ ಊಟದ ಕೋಣೆ ಮೊದಲಿನಂತಿರಲಿಲ್ಲ. ಒಗೆಯುವ ಖರ್ಚು ಉಳಿಸಲು ಬಿಳಿ ಬಟ್ಟೆ ತೆಗೆದರು. ಊಟದ ಪಟ್ಟಿ ಮೊಬೈಲಿಗೆ ಹೋಯಿತು. ಯಾರು ಎಲ್ಲಿ, ಯಾವಾಗ ಬೇಕಾದರೂ ಕೂರಬಹುದು ಎಂದಾಯಿತು. ಬಡಿಸುವವರನ್ನು ಅರ್ಧಕ್ಕರ್ಧ ಕಡಿಮೆ ಮಾಡಿದರು. ಉಡುಪಿನ ಬಗ್ಗೆ ಅತಿಥಿಗಳು ಗೊಣಗಿದಾಗಲೆಲ್ಲ ಕಂಪನಿ ಒಂದೊಂದು ನಿಯಮ ಸಡಿಲಿಸುತ್ತ ಬಂತು. ಮೊದಲು ಟೈ ಹೋಯಿತು, ಆಮೇಲೆ ಕೋಟು ಹೋಯಿತು. ಈ ಸೀಸನ್ನಿಗೆ ಮಂಡಿ ಮುಟ್ಟುವ ಚಡ್ಡಿಯೂ ಆದೀತು ಎಂಬ ಆದೇಶ ಬಂತು. ಹೇಮಶ್ರೀ ಇದ್ಯಾವುದನ್ನೂ ಮನೆಯಲ್ಲಿ ಹೇಳಿರಲಿಲ್ಲ. ಅಪ್ಪ ಅಷ್ಟು ಹೆಮ್ಮೆಪಡುವಾಗ ಹೇಳುವುದಾದರೂ ಹೇಗೆ?

ಅಷ್ಟರಲ್ಲಿ ಕೆಲಸಗಾರರ ತಂದೆತಾಯಿಗೆ ಕಂಪನಿ ಕೊಡುವ ಪಾಸು ಅವಳ ಪಾಲಿಗೆ ಬಂತು. ತೋಟ, ದನ ಎರಡನ್ನೂ ಮಗ ಹೊನ್ನೇಶನಿಗೆ ಒಪ್ಪಿಸಿ ತಿಮ್ಮಪ್ಪ, ಕಮಲಾಕ್ಷಮ್ಮ ಮುಂಬೈ ರೈಲು ಹಿಡಿದರು. ಹೊರಡುವ ಮುಂಚೆ ತಿಮ್ಮಪ್ಪ ಕಡೂರಿಗೇ ಹೋಗಿ ಅಗಲವಾದ ಜರಿಯಂಚಿನ ಪಂಚೆ, ಅದಕ್ಕೆ ಹೊಂದುವ ಶಲ್ಯ ತಂದಿದ್ದ.

ಮೊದಲ ಸಂಜೆ ಊಟದ ಕೋಣೆಯ ಮುಂದೆ ಸಾಲು ಬೆಳೆದಿತ್ತು. ಈಜುಕೊಳದಿಂದ ನೇರವಾಗಿ ಬಂದವನೊಬ್ಬ, ತಲೆಯಿಂದ ಇನ್ನೂ ನೀರು ಸೋರುತ್ತಿರುವಾಗಲೇ, ಹೂವಿನ ಚಡ್ಡಿಯಲ್ಲಿ ಹೇಮಶ್ರೀಗೆ ಕೈ ಬೀಸಿ ಒಳಗೆ ನಡೆದ. ಅವನ ಹಿಂದೆಯೇ ಅಪ್ಪ, ಅಮ್ಮ. ಇಸ್ತ್ರಿಯ ಗೆರೆ ಮುರಿಯದ ಪಂಚೆ, ಹೆಗಲ ಮೇಲೆ ಶಲ್ಯ. ಅಮ್ಮನ ಮೈಮೇಲೆ ಮದುವೆಗೆಂದು ಎತ್ತಿಟ್ಟಿದ್ದ ರೇಷ್ಮೆ ಸೀರೆ. ಇಡೀ ಸಾಲಿನಲ್ಲಿ ಊಟಕ್ಕೆಂದು ಸಿಂಗರಿಸಿಕೊಂಡು ಬಂದವರು ಅವರಿಬ್ಬರೇ.

"ಒಂದು ನಿಮಿಷ," ಎಂದು ಮ್ಯಾನೇಜರ್ ಧರ್ಮೇಶ್ ಅಡ್ಡ ಬಂದ. ಹಿಂದಿಯಲ್ಲಿ ಮೆಲ್ಲಗೆ ಹೇಳಿದ: "ಸೊಂಟಕ್ಕೆ ಸುತ್ತಿದ ಬಟ್ಟೆಗೆ ಅವಕಾಶವಿಲ್ಲ. ಟವೆಲ್, ಲುಂಗಿ ಯಾವುದೂ ಇಲ್ಲ. ನಿಯಮ ನಿನಗೇ ಗೊತ್ತಲ್ಲ."

"ಇವರು ನಮ್ಮಪ್ಪ. ನಮ್ಮ ಕಡೆ ಇದಕ್ಕಿಂತ ಮರ್ಯಾದೆಯ ಉಡುಪು ಇನ್ನೊಂದಿಲ್ಲ ಸಾರ್."

"ನಾನು ನಂಬುತ್ತೇನೆ. ನಾಳೆ ಒಬ್ಬ ಟವೆಲ್ ಸುತ್ತಿಕೊಂಡು ಬಂದು 'ಅವರನ್ನು ಬಿಟ್ಟಿರಿ, ನನ್ನನ್ನೇಕೆ ಬಿಡುವುದಿಲ್ಲ' ಎಂದರೆ ಏನು ಹೇಳಲಿ?"

"ಏನಂತೆ?" ಎಂದು ಕಮಲಾಕ್ಷಮ್ಮ ಕೇಳಿದಳು. ಹೇಮಶ್ರೀ ತಡವರಿಸುತ್ತ ಹೇಳಿದಳು. ಕಮಲಾಕ್ಷಮ್ಮ ಸೆರಗನ್ನು ಮುಂದಕ್ಕೆಳೆದು ಧರ್ಮೇಶನಿಗೆ ತೋರಿಸಿದಳು. "ನಾನೂ ಸುತ್ಕಂಡೇ ಬಂದಿರೋದು ಕಣಪ್ಪಾ. ನನ್ನ ಬಿಡ್ತೀಯ, ಅವ್ರನ್ನ ಬಿಡಲ್ವಾ? ಕೇಳೇ ಅವನ್ನ!"

ಹಿಂದಿದ್ದವರು ಕೆಮ್ಮತೊಡಗಿದರು. ಯಾರೋ ಗಡಿಯಾರ ನೋಡಿಕೊಂಡರು. ತಿಮ್ಮಪ್ಪ ಮಗಳ ಮುಖ ನೋಡಿದ. "ಜಗಳ ಬ್ಯಾಡ ಕಣವ್ವ. ಚಡ್ಡಿ ಆದ್ರೆ ಬಿಡ್ತಾರಾ?"

"ಬಿಡ್ತಾರೆ... ಅಪ್ಪಾ, ಎಲ್ಲಿಗೆ ಹೊರಟೆ?"

ತಿಮ್ಮಪ್ಪ ಆಗಲೇ ತಿರುಗಿ ನಡೆದಿದ್ದ. ಬೇಗನೆ ವಾಪಸು ಬಂದ. ಮೇಲೆ ಅದೇ ಬಿಳಿ ಅಂಗಿ, ಅದೇ ಶಲ್ಯ. ಕೆಳಗೆ, ಊರಿನಲ್ಲಿ ಪಂಚೆಯೊಳಗೆ ಹಾಕುವ ನೀಲಿ ಪಟಾಪಟಿ ಚಡ್ಡಿ. ಲಾಡಿಯ ತುದಿ ಅಂಗಿಯ ಕೆಳಗೆ ನೇತಾಡುತ್ತಿತ್ತು. ಹೇಮಶ್ರೀಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಧರ್ಮೇಶ್ ಚಡ್ಡಿಯನ್ನೇ ದಿಟ್ಟಿಸಿದ. ಅದು ಮಂಡಿ ಮುಟ್ಟುತ್ತಿತ್ತು. ಬೇರೆ ದಾರಿ ಕಾಣದೆ ಪಕ್ಕಕ್ಕೆ ಸರಿದು, "ಗುಡ್ ಈವ್ನಿಂಗ್ ಸರ್," ಎಂದ.

ಕಮಲಾಕ್ಷಮ್ಮ ಮಾತ್ರ ಗಂಡನ ಜೊತೆ ಕೂರಲು ಒಪ್ಪಲಿಲ್ಲ. "ಈ ಅವತಾರದ ಪಕ್ಕ ಕೂತು ಉಣ್ಣಲ್ಲ ಕಣೇ ನಾನು," ಎಂದು ಬೇರೆ ಮೇಜಿಗೆ ಹೋದಳು. ತಿಮ್ಮಪ್ಪನ ಮುಂದೆ ಬರಿಯ ಮೇಜು, ಮೇಲೊಂದು ಕಾಗದದ ಕರವಸ್ತ್ರ. ಊಟದ ಪಟ್ಟಿ ಮೊಬೈಲಿನಲ್ಲಿದೆ ಎಂದು ಬಡಿಸುವ ಹುಡುಗಿ ಓಡುತ್ತಲೇ ಹೇಳಿ ಹೋದವಳು ಮತ್ತೆ ಕಾಣಲಿಲ್ಲ. ಕೊನೆಗೆ ಅನ್ನ ಬಂತು. ಸಾರು ಬರುವ ಹೊತ್ತಿಗೆ ಅದು ಆರಿ ಹೋಗಿತ್ತು. ಮುಗಿಸುವ ಮುಂಚೆಯೇ ಇನ್ನೊಂದು ಕುಟುಂಬ ಮೇಜಿನ ಪಕ್ಕ ಬಂದು ನಿಂತಿತು. ಬಾಗಿಲಿನಿಂದ ಹೇಮಶ್ರೀಗೆ ಎಲ್ಲವೂ ಕಾಣುತ್ತಿತ್ತು.

ಮರುದಿನ ಅವಳು ಸುಮ್ಮನಿರಲಿಲ್ಲ. ಧರ್ಮೇಶನ ಹತ್ತಿರ ವಾದ ಮಾಡಿ, ಅವನ ಮೇಲಿನ ಅಧಿಕಾರಿಯವರೆಗೂ ಹೋದಳು. ಮೊಬೈಲಿನಲ್ಲಿದ್ದ ನೆಂಟರ ಮದುವೆಯ ಫೋಟೋಗಳನ್ನೆಲ್ಲ ತೋರಿಸಿದಳು. ಊಟದ ಕೋಣೆಯ ಮೊದಲಿನ ಅಂದ ಕೆಟ್ಟದ್ದು ಸಾಲದೆಂದು, ನೆಟ್ಟಗೆ ಉಟ್ಟುಕೊಂಡು ಬಂದವರನ್ನೇ ಹಿಂದೆ ಕಳಿಸುವುದು ಯಾವ ನ್ಯಾಯ ಎಂದು ಕೇಳಿದಳು. ದಿನವಿಡೀ ಅತಿಥಿಗಳ ದೂರು ಕೇಳಿ ಸಾಕಾಗಿದ್ದ ಅಧಿಕಾರಿ, ಇವಳ ಬಾಯಿ ಮುಚ್ಚಿಸಿದರೆ ಸಾಕೆಂದೋ ಏನೋ, "ಸರಿ, ಪಂಚೆಗೆ ಅನುಮತಿ ಇದೆ," ಎಂದ.

ಹೇಮಶ್ರೀ ಓಡಿಕೊಂಡೇ ಅಪ್ಪನ ಕೋಣೆಗೆ ಹೋದಳು. ತಿಮ್ಮಪ್ಪ ಕಿಟಕಿಯ ಹತ್ತಿರ ಕೂತಿದ್ದ. ಪಟಾಪಟಿ ಚಡ್ಡಿಯಲ್ಲೇ ಇದ್ದ.

"ಅಪ್ಪಾ, ಒಪ್ಪಿಸಿದೀನಿ. ಪಂಚೆ ಉಟ್ಕೋ."

"ಬ್ಯಾಡ ಬಿಡು. ಇದೇ ಹಾಯಾಗೈತೆ."

"ಏನಪ್ಪಾ ನೀನು! ಬೆಳಿಗ್ಗೆಯಿಂದ ಇದಕ್ಕೇ ಜಗಳ ಆಡಿ ಬಂದಿದೀನಿ!"

"ನೀನು ಆಡಿದ್ದು ಸರಿ. ಆದ್ರೆ ಒಂದ್ಸಲ ಬ್ಯಾಡ ಅಂದ ಬಾಗ್ಲಿಗೆ ನಾನು ಪಂಚೆ ಉಟ್ಕಂಡು ಹೋಗಲ್ಲ ಕಣವ್ವ. ಅವ್ರು ಚಡ್ಡಿ ಕೇಳಿದ್ರು, ಚಡ್ಡೀಲೇ ಬತ್ತೀನಿ."

ಅಪ್ಪನ ದನಿ ಏರಿರಲಿಲ್ಲ. ಆದರೆ ಅವನು ಮಗಳ ಕಡೆ ತಿರುಗದೆ ಸಮುದ್ರವನ್ನೇ ನೋಡುತ್ತಿದ್ದ. ಹೇಮಶ್ರೀಗೆ ಸಿಟ್ಟೂ ಬಂತು, ಅಳುವೂ ಬಂತು. ಹಾಸಿಗೆಯ ಮೇಲೆ ಮಲಗಿದ್ದ ಕಮಲಾಕ್ಷಮ್ಮ, "ಅವ್ರ ಹಠ ನಿಂಗೊತ್ತಿಲ್ವಾ? ನಂಗೆ ಇಲ್ಲಿಗೇ ಒಂದಿಷ್ಟು ಮೊಸರನ್ನ ಕಳ್ಸು, ಆ ಕೋಣೆ ಸಾವಾಸವೇ ಬ್ಯಾಡ," ಎಂದು ಗೋಡೆಯ ಕಡೆ ಹೊರಳಿದಳು.

ಉಳಿದ ಸಂಜೆಗಳೆಲ್ಲ ತಿಮ್ಮಪ್ಪ ಚಡ್ಡಿಯಲ್ಲೇ ಬಂದ. ಶಲ್ಯವನ್ನು ಹೆಗಲ ಮೇಲೆ ನೆಟ್ಟಗೆ ಇಳಿಬಿಟ್ಟು, ಧರ್ಮೇಶನಿಗೆ ತಾನೇ ಮೊದಲು ಕೈ ಮುಗಿದು ಒಳಗೆ ಹೋಗುತ್ತಿದ್ದ. ಧರ್ಮೇಶ್ ಬೇರೆಲ್ಲೋ ನೋಡುತ್ತ ನಮಸ್ಕಾರ ಹೇಳುತ್ತಿದ್ದ. ಹೇಮಶ್ರೀ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು.

ಅವರು ಊರು ಸೇರಿ ಎರಡು ತಿಂಗಳಾಗಿರಲಿಲ್ಲ, ಕಂಪನಿಯ ಇನ್ನೊಂದು ಆದೇಶ ಬಂತು. ಇನ್ನು ಊಟದ ಕೋಣೆಗೆ ಉಡುಪಿನ ನಿಯಮವೇ ಇಲ್ಲ. ಯಾರು ಏನು ಬೇಕಾದರೂ ತೊಟ್ಟು ಬರಬಹುದು. ಬಾಗಿಲಲ್ಲಿ ನಿಲ್ಲುವವರು ಬೇಡವಾದರು. ಹೇಮಶ್ರೀಯನ್ನು ಮೇಲಿನ ಅಂತಸ್ತಿನ ಬಫೆಗೆ ತಟ್ಟೆ ಎತ್ತಲು ಹಾಕಿದರು.

ಅಂದು ಸಂಜೆ ಮನೆಗೆ ಫೋನ್ ಮಾಡಿ ಹೇಳಿದಳು.

"ಹಂಗಾರೆ ಪಂಚೆ?" ಎಂದ ತಿಮ್ಮಪ್ಪ.

"ಉಡಬಹುದು."

"ಲುಂಗಿ?"

"ಅದೂ ಆಗುತ್ತೆ."

"ಟವೆಲ್ಲು?"

"ಅಪ್ಪಾ, ಅದೂ ಆಗುತ್ತೆ!"

ಆ ಕಡೆ ಅಪ್ಪನ ಹಿಂದೆ ಕೊಟ್ಟಿಗೆಯಲ್ಲಿ ಹೊನ್ನೇಶ ದನ ಗದರಿಸುತ್ತಿದ್ದುದು ಕೇಳಿಸಿತು. ಆಮೇಲೆ ತಿಮ್ಮಪ್ಪ ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ: "ಮತ್ತೆ ನೀನು ಇಷ್ಟು ವರ್ಷ ಆ ಬಾಗ್ಲಲ್ಲಿ ನಿಂತು ಕಾಯ್ತಿದ್ದುದು ಏನ್ನ ಮಗಾ?"

ಸಿಗ್ನಲ್ ಸರಿಯಿಲ್ಲ ಎಂದು ಹೇಮಶ್ರೀ ಫೋನ್ ಇಟ್ಟುಬಿಟ್ಟಳು.