ಉಪವಾಸದ ಬ್ಯಾಟರಿ

ನಮ್ಮ ಮನೆಯಲ್ಲಿ ಬೇರೆ ಯಾರೂ ಉಪವಾಸ ಮಾಡದಿದ್ದರೂ ಬ್ಯಾಟರಿಗಳು ಮಾತ್ರ ಮಾಡುತ್ತಿದ್ದವು. ಟಾರ್ಚಿನದಿರಲಿ, ರೇಡಿಯೋದ್ದಿರಲಿ, ಗಡ್ಡ ಬೋಳಿಸುವ ಯಂತ್ರದ್ದಿರಲಿ, ಕೊನೆಯ ಹನಿಯವರೆಗೂ ಹಿಂಡಿ, ಇನ್ನು ಉಸಿರಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅದಕ್ಕೆ ಊಟ. ಅರ್ಧ ತುಂಬಿದ್ದನ್ನು ಚಾರ್ಜಿಗೆ ಹಾಕಿದರೆ ಬ್ಯಾಟರಿಗೆ ಸೋಮಾರಿತನ ಹತ್ತುತ್ತದೆ ಎನ್ನುವುದು ನಮ್ಮ ಯಜಮಾನರ ಸಿದ್ಧಾಂತ. ಬಸ್ ಡಿಪೋಗೆ ಮೆಕ್ಯಾನಿಕ್ ಆಗಿ ಸೇರಿದ ಹೊಸದರಲ್ಲಿ ಅಲ್ಲಿನ ಹಿರಿಯ ಮೇಸ್ತ್ರಿ ಕಲಿಸಿದ ಪಾಠವಂತೆ. ಮೇಸ್ತ್ರಿ ಹೋದರು, ಇವರು ನಿವೃತ್ತರಾದರು, ತಲೆ ನರೆಯಿತು, ಪಾಠ ಮಾತ್ರ ಹೋಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಇವರದು. ನಾನು ಹೊಲಿಗೆ ಅಂಗಡಿ ಇಟ್ಟುಕೊಂಡು ಎಂತೆಂಥವರ ಅಳತೆ ತೆಗೆದವಳು, ಇವರ ಹಟದ ಅಳತೆ ಮಾತ್ರ ನನ್ನ ಟೇಪಿಗೆ ಸಿಕ್ಕಿಲ್ಲ.

ನಿವೃತ್ತಿಯಾದ ಮೇಲೆ ಇವರು ಒಂದು ಹಳೇ ವ್ಯಾನು ತಂದು, ಅದರೊಳಗೆ ಹಾಸಿಗೆ, ಒಲೆ, ಕಪಾಟು ಕೂರಿಸಿ ಕ್ಯಾಂಪರ್ ಮಾಡಿದರು. ಮನೆಯನ್ನು ಬೆನ್ನ ಮೇಲೆ ಹೊತ್ತು ನಿಧಾನವಾಗಿ ಹೋಗುತ್ತದೆಂದು ನಾನು ಅದನ್ನು ಆಮೆ ಎಂದು ಛೇಡಿಸಿದೆ. ಹೆಸರು ಅಂಟಿಕೊಂಡಿತು. ಆಮೆಯನ್ನು ಎಲ್ಲೇ ನಿಲ್ಲಿಸಿದರೂ ಮೊದಲು ಅದರ ನಾಲ್ಕು ಮೂಲೆಗಳ ಕಬ್ಬಿಣದ ಕಾಲುಗಳನ್ನು ನೆಲಕ್ಕೆ ಇಳಿಸಬೇಕು. ಇಲ್ಲದಿದ್ದರೆ ಒಬ್ಬರು ಮಗ್ಗುಲಾದರೆ ಇನ್ನೊಬ್ಬರು ಹಾಸಿಗೆಯಿಂದ ಕೆಳಗೆ. ಕೈಯಲ್ಲಿ ಇಳಿಸುವುದೆಂದರೆ ಮೊಣಕಾಲೂರಿ, ಬಗ್ಗಿ, ಉದ್ದನೆಯ ಹ್ಯಾಂಡಲ್ ಹಾಕಿ ಉಸಿರು ಬಿಗಿಹಿಡಿದು ತಿರುಗಿಸುವ ಕೆಲಸ. ಅದಕ್ಕೇ ಇವರು ವೈರಿಲ್ಲದ ಡ್ರಿಲ್ಲೊಂದನ್ನು ತಂದು ಅದರ ಮೂತಿಗೆ ಬೋಲ್ಟ್ ತಿರುಗಿಸುವ ಸಾಕೆಟ್ ಸಿಕ್ಕಿಸಿಕೊಂಡಿದ್ದರು. ಗುಂಡಿ ಒತ್ತಿದರೆ ಕಾಲು ತಾನಾಗಿ ಇಳಿಯುತ್ತಿತ್ತು.

ಹೊರಗೆ ಅವರು ಡ್ರಿಲ್ ಹಿಡಿದರೆ, ಒಳಗೆ ನಾನು ಒಲೆಯ ಕಟ್ಟೆಯ ಮೇಲೆ, ವ್ಯಾನು ಸಮವಾಗಿದೆಯೇ ಎಂದು ತೋರಿಸುವ ರಸಮಟ್ಟ ಇಟ್ಟು ಅದರ ಗುಳ್ಳೆ ನೋಡುತ್ತ ನಿಲ್ಲಬೇಕು. ಗುಳ್ಳೆ ನಡುವಿಗೆ ಬಂತೆಂದರೆ ಗೋಡೆಗೆ ಒಂದು ಸಲ ಬಡಿಯುವುದು, ಸಾಕು ಎಂದು. ಇನ್ನೂ ಬೇಕಿದ್ದರೆ ಎರಡು ಸಲ. ಅವರು ಹೊರಗಿನಿಂದ ಒಂದು ಬಡಿದರೆ ಕೇಳಿಸಿತು ಎಂದರ್ಥ. ನಮ್ಮಿಬ್ಬರ ನಡುವೆ ಜಗಳವಿಲ್ಲದೆ ನಡೆಯುತ್ತಿದ್ದ ಕೆಲಸ ಇದೊಂದೇ, ಯಾಕೆಂದರೆ ಇದರಲ್ಲಿ ಬಾಯಿಗೆ ಕೆಲಸವಿಲ್ಲ.

ಹೋದ ಚಳಿಗಾಲದಲ್ಲಿ ಇವರಿಗೆ ಎದೆನೋವು ಬಂತು. ಬಂದದ್ದು ಬೆಳಿಗ್ಗೆ, ಹೇಳಿದ್ದು ಸಂಜೆ. ಅಷ್ಟು ಹೊತ್ತೂ ಪಕ್ಕದ ಮನೆಯವರ ಕಾರಿನ ಕೆಳಗೆ ಮಲಗಿ, ಕೊನೆಯ ಬೋಲ್ಟ್ ಬಿಗಿದು, ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿಟ್ಟು, ಕೈ ತೊಳೆದುಕೊಂಡು ಒಳಗೆ ಬಂದು, ಯಾಕೋ ಸ್ವಲ್ಪ ಸರಿಯಿಲ್ಲ ಅಂದರು. ಆಗ ಅವರ ಮುಖ ಸುಣ್ಣದ ಗೋಡೆಯಂತೆ ಬೆಳ್ಳಗಾಗಿತ್ತು. ನನ್ನ ತಮ್ಮ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡಿ ಬಂದು ಆಸ್ಪತ್ರೆಗೆ ಸೇರಿಸಿದ. ಅವನ ಹೊಟ್ಟೆ ತಣ್ಣಗಿರಲಿ. ಇನ್ನು ಸ್ವಲ್ಪ ತಡವಾಗಿದ್ದರೂ ಕೈ ಮೀರುತ್ತಿತ್ತು ಎಂದರು ಡಾಕ್ಟರು.

ಬದುಕಿ ಬಂದರು. ಸಂತೋಷ ಪಡಬೇಕಾದವಳು ನಾನು ಆವತ್ತಿನಿಂದ ಪೊಲೀಸಿನವಳಾಗಿಬಿಟ್ಟೆ. ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತರೆ ಬಾಗಿಲು ಬಡಿಯುವುದು, ಮೆಟ್ಟಿಲಲ್ಲಿ ಹೆಜ್ಜೆ ತಡವಾದರೆ ಇಣುಕುವುದು. ಸುಸ್ತಾಯಿತೇ ಎಂದು ಕೇಳಿದರೆ ಇವರದು ಒಂದೇ ಉತ್ತರ, ಇಲ್ಲ. ಮುಂದಿನ ಸಲವೂ ಇವರು ಬೋಲ್ಟ್ ಬಿಗಿದು ಮುಗಿಸಿ, ಕೈ ತೊಳೆದುಕೊಂಡು ಬಂದೇ ಹೇಳುತ್ತಾರೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಈ ಭಯ ನನ್ನ ಹೊಟ್ಟೆಯೊಳಗೆ ಕೂತು ಏಳಲೇ ಇಲ್ಲ.

ಬಿಸಿಲು ಕಾಲ ಬಂದಾಗ ಡಾಕ್ಟರು ಆಮೆಯಲ್ಲಿ ಹೋಗಿಬರಲು ಒಪ್ಪಿದರು. ಭಾರ ಎತ್ತಕೂಡದು, ಬಗ್ಗಿ ಬಲ ಹಾಕಕೂಡದು, ದಣಿವಾಗುವ ಮುಂಚೆಯೇ ನಿಲ್ಲಿಸಬೇಕು ಎಂದು ಮೂರು ಮಾತು ಹೇಳಿ, ಮೂರನ್ನೂ ನನ್ನ ಮುಖ ನೋಡಿಕೊಂಡೇ ಹೇಳಿದರು. ರೋಗಿ ಯಾರೆಂದು ಅವರಿಗೆ ಗೊತ್ತಿತ್ತು, ಕೇಳುವವರು ಯಾರೆಂದೂ ಗೊತ್ತಿತ್ತು. ಕೆರೆಯ ದಂಡೆಯಲ್ಲಿ ನಾವು ಯಾವಾಗಲೂ ನಿಲ್ಲಿಸುವ ಜಾಗಕ್ಕೇ ಹೋಗುವುದೆಂದು ತೀರ್ಮಾನವಾಯಿತು.

ಹೊರಡುವ ಮುಂಚೆ ಇವರು ಅಟ್ಟದಿಂದ ಡ್ರಿಲ್ ಇಳಿಸಿ ಬ್ಯಾಟರಿ ಚಾರ್ಜಿಗೆ ಹಾಕಿದರೆ ಚಾರ್ಜರಿನಲ್ಲಿ ಕೆಂಪು ದೀಪ ಮಿಣುಕಿತೇ ಹೊರತು ಹಸಿರು ಬರಲಿಲ್ಲ. ಎರಡನೆಯ ಬ್ಯಾಟರಿಯೂ ಹಾಗೇ. ಗುಂಡಿ ಒತ್ತಿದರೆ ಡ್ರಿಲ್ಲು ಗೊರ್ ಎಂದು ಒಮ್ಮೆ ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು. ಅದಕ್ಕೇನಂತೆ, ಕೈ ಹ್ಯಾಂಡಲ್ ಇದೆಯಲ್ಲ ಎಂದರು ಇವರು. ಹ್ಯಾಂಡಲ್ ಮುಟ್ಟಿದರೆ ನಾನು ವ್ಯಾನಿನ ಚಕ್ರದ ಮುಂದೆ ಮಲಗುತ್ತೇನೆ ಅಂದೆ. ನಾನೇ ತಿರುಗಿಸುತ್ತೇನೆ ಎಂದರೆ ಅದಕ್ಕೂ ಒಪ್ಪರು. ಗಂಡಸು ಕೂತು ನೋಡುವುದೇ ಎಂಬ ಬಿಗುಮಾನ. ಹಾಗಾದರೆ ಆಮೆಯನ್ನೇ ಮಾರಿಬಿಡೋಣ ಎಂದು ಮುಖ ಊದಿಸಿಕೊಂಡು ಕೂತರು. ಕೊನೆಗೆ ಸತ್ತ ಡ್ರಿಲ್ಲನ್ನು ಚೀಲಕ್ಕೆ ಹಾಕಿಕೊಂಡು, ಇವರನ್ನೂ ಹೊರಡಿಸಿಕೊಂಡು ಉಪಕರಣದ ಅಂಗಡಿಗೆ ನಡೆದೆ.

ಅಂಗಡಿ ಕಿರಿದು. ಗೋಡೆ ತುಂಬ ತೂಗುಹಾಕಿದ ಗರಗಸ, ಇಕ್ಕಳ. ಕೌಂಟರಿನ ಹಿಂದೆ ನನ್ನ ವಯಸ್ಸಿನದೇ ಅಂಗಡಿಯಾಕೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಆಕೆ ಬ್ಯಾಟರಿಗಳ ತುದಿಗೆ ಮೀಟರಿನ ಎರಡು ಕಡ್ಡಿ ತಾಗಿಸಿ ನೋಡಿ, ಇವುಗಳನ್ನು ಎಲ್ಲಿ ಹೇಗೆ ಇಟ್ಟಿದ್ದಿರಿ ಎಂದು ಕೇಳಿದರು. ಕೇಳಿದ್ದೇ ತಡ, ಇವರಿಗೆ ಉತ್ಸಾಹ ಬಂತು. ಪ್ರತಿ ಸಲ ಪ್ರವಾಸ ಮುಗಿದ ಮೇಲೆ ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಡ್ರಿಲ್ಲು ತಾನಾಗಿ ತಿರುಗಿ ತಿರುಗಿ ನಿಲ್ಲುವವರೆಗೂ ಬಿಟ್ಟು, ಬ್ಯಾಟರಿ ಪೂರ್ತಿ ಬರಿದಾದ ಮೇಲೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸುವ ತಮ್ಮ ಶಾಸ್ತ್ರವನ್ನೆಲ್ಲ ವಿವರಿಸಿದರು. ಆಕೆ ಕನ್ನಡಕ ತೆಗೆದು ನಕ್ಕರು. ನಗುವಿನಲ್ಲಿ ಕುಹಕವಿರಲಿಲ್ಲ, ತಮ್ಮ ಮನೆಯವರದೂ ಇದೇ ಶಾಸ್ತ್ರವಾಗಿತ್ತು ಎಂದರು.

"ಹಳೇ ಥರದ ಬ್ಯಾಟರಿಗೆ ಅದು ನಡೀತಿತ್ತು ಅಣ್ಣಾ. ಇದು ಬೇರೆ ಥರ. ಇನ್ನೂ ಸ್ವಲ್ಪ ಇರೋವಾಗ್ಲೇ ನಿಲ್ಲಿಸಿ ಚಾರ್ಜಿಗೆ ಹಾಕ್ಬೇಕು. ಪೂರ್ತಿ ಖಾಲಿ ಮಾಡಿ ಹಾಗೇ ಇಟ್ರೆ ಒಳಗೊಳಗೇ ಸತ್ತುಹೋಗುತ್ತೆ. ಹೊರಗಿನಿಂದ ನೋಡಿದ್ರೆ ಏನೂ ಗೊತ್ತಾಗಲ್ಲ."

ಇಷ್ಟು ವರ್ಷದಿಂದ ಕಾದ ಗೆಲುವು ನನ್ನ ಕೈಗೆ ಬಂದಿತ್ತು. ನೋಡಿದಿರಾ, ನಾನು ಅವತ್ತೇ ಹೇಳಲಿಲ್ಲವೇ ಎಂದು ಶುರುಮಾಡಲು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು.

"ನಮ್ಮನೇಲಿ ಬ್ಯಾಟರಿ ಒಂದೇ ಅಲ್ಲಮ್ಮ ಹೀಗೆ. ಇವರೂ ಹೀಗೇ. ಕೊನೇ ಹನಿವರೆಗೂ ಹೇಳಲ್ಲ. ಆಮೇಲೆ ಹೇಳ್ತಾರೆ. ಅಷ್ಟು ಹೊತ್ತಿಗೆ ನಾನೇನು ಮಾಡ್ಲಿ?"

ಹೇಳುತ್ತಿದ್ದಂತೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡೆ. ಯಾರೋ ಗೊತ್ತಿಲ್ಲದವರ ಅಂಗಡಿಯಲ್ಲಿ, ಮೊಳೆಯ ಡಬ್ಬಗಳ ಮುಂದೆ ನಿಂತು ಅಳುವ ಹೆಂಗಸಾದೆನಲ್ಲ ಎಂದು ನನಗೇ ನಾಚಿಕೆಯಾಯಿತು. ಇವರು ಸತ್ತ ಬ್ಯಾಟರಿಯೊಂದನ್ನು ಕೈಯಲ್ಲಿ ಹಿಡಿದು ಅದನ್ನೇ ಹೊರಳಿಸಿ ಹೊರಳಿಸಿ ನೋಡುತ್ತಿದ್ದರು. ಅಂಗಡಿಯಾಕೆ ಏನೂ ಕೇಳದೆ ಸ್ಟೂಲು ಎಳೆದು ನನ್ನ ಹಿಂದೆ ಇಟ್ಟರು. ಆಕೆಯ ಆ ಸ್ಟೂಲನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಆಮೇಲೆ ವ್ಯವಹಾರದ ಮಾತು ನಡೆಯಿತು. ಹಳೆಯ ಡ್ರಿಲ್ಲಿಗೆ ಹೊಸ ಬ್ಯಾಟರಿ ಸಿಗುತ್ತದೆ, ಆದರೆ ಡ್ರಿಲ್ಲು ಭಾರ, ಬೋಲ್ಟು ಬಿಗಿಯಾದರೆ ಮಣಿಕಟ್ಟನ್ನೇ ತಿರುಚುತ್ತದೆ ಎಂದರು ಆಕೆ. ಹೊಸದು ಹಗುರ, ಬಿಗಿಯಾದರೆ ತಾನೇ ಕಟಕಟ ಎಂದು ಬಿಟ್ಟುಕೊಡುತ್ತದೆ. ಇವರು ಹಳೆಯದಕ್ಕೇ ಬ್ಯಾಟರಿ ಕೊಡಿ ಎನ್ನುತ್ತಾರೆಂದು ನಾನು ಸೊಂಟ ಕಟ್ಟಿ ನಿಂತೆ. ಇವರು ಹೊಸ ಡ್ರಿಲ್ಲನ್ನು ಎತ್ತಿ ತೂಕ ನೋಡಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟು, ಹಿಡಿಯೋಕೆ ಆಗುತ್ತಾ ನೋಡು ಎಂದರು. ಯಾಕೆ ಕೇಳುತ್ತಿದ್ದಾರೆಂದು ಆಗ ನನಗೆ ಹೊಳೆಯಲಿಲ್ಲ. ಹೊಲಿಗೆ ಯಂತ್ರ ಎತ್ತಿಳಿಸಿದ ಕೈಗೆ ಇದೇನು ಮಹಾ ಎಂದೆ. ಹೊಸದನ್ನೇ ತೆಗೆದುಕೊಂಡೆವು. ಸತ್ತ ಬ್ಯಾಟರಿಗಳನ್ನು ಆಕೆಯ ಹಳೇ ಬ್ಯಾಟರಿ ಡಬ್ಬಕ್ಕೆ ಹಾಕಿ ಬಂದೆವು.

ಕೆರೆಯ ದಂಡೆ ತಲುಪಿದಾಗ ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಕುಣಿಯುತ್ತಿತ್ತು. ಕಾಲುಗಳ ಅಡಿಗೆ ಹಲಗೆ ತುಂಡುಗಳನ್ನು ನಾನು ಇಟ್ಟೆ. ಇವರು ಡ್ರಿಲ್ ಹಿಡಿದರು. ನಾನು ಒಳಗೆ ಬಂದು ರಸಮಟ್ಟದ ಮುಂದೆ ನಿಂತೆ. ಮೊದಲ ಕಾಲು ಇಳಿಯಿತು, ಒಂದು ಬಡಿದೆ, ಹೊರಗಿನಿಂದ ಒಂದು ಬಡಿತ ಬಂತು. ಎರಡನೆಯದೂ ಇಳಿಯಿತು, ಬಡಿದೆ, ಉತ್ತರ ಬಂತು. ಮೂರನೆಯದಕ್ಕೆ ಡ್ರಿಲ್ಲು ಗುಂಯ್ ಎಂದು ಶುರುವಾಗಿ ಅರ್ಧಕ್ಕೇ ನಿಂತಿತು.

ಗುಳ್ಳೆ ಇನ್ನೂ ಒಂದು ಮೂಲೆಯಲ್ಲಿತ್ತು. ಎರಡು ಸಲ ಬಡಿದೆ. ಉತ್ತರವಿಲ್ಲ. ಮತ್ತೆ ಬಡಿದೆ. ರಸಮಟ್ಟ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಉಳಿಯಿತೋ, ಹೊರಗೆ ಓಡಿದೆ.

ಇವರು ಮೂರನೆಯ ಕಾಲಿನ ಪಕ್ಕ ನೆಲದ ಮೇಲೆ ಕೂತಿದ್ದರು. ಚಕ್ರಕ್ಕೆ ಬೆನ್ನು ಕೊಟ್ಟು, ಡ್ರಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೆರೆ ನೋಡುತ್ತಿದ್ದರು. ಮುಖ ಬೆಳ್ಳಗಾಗಿರಲಿಲ್ಲ. ನೋವಿದೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಬಡಿದದ್ದು ಕೇಳಿಸಲಿಲ್ಲವೇ ಎಂದೆ. ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ, ಬಡಿತಕ್ಕೆ ಕೈ ಏಳಲಿಲ್ಲ ಎಂದರು. ಆಮೇಲೆ ಡ್ರಿಲ್ಲನ್ನು ನನ್ನತ್ತ ಚಾಚಿದರು.

"ಇನ್ನೂ ಇದೆ ಕಣೇ, ಖಾಲಿಯಾಗಿಲ್ಲ. ಆದ್ರೆ ದಣಿವಾಗ್ತಿದೆ. ಉಳಿದಿದ್ದು ನೀನು ಇಳಿಸ್ತೀಯಾ?"

ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಲ್ಲಿ ದಣಿವು ಎಂಬ ಮಾತನ್ನು ನಾನು ಕೇಳಿರಲಿಲ್ಲ. ಬೈಯಬೇಕೆಂದು ಕೂಡಿಟ್ಟದ್ದೆಲ್ಲ ಎಲ್ಲಿ ಹೋಯಿತೋ. ಹ್ಞೂಂ ಎಂದೆ, ಅಷ್ಟೇ ಬಂತು. ಕೈ ಕೊಟ್ಟು ಎಬ್ಬಿಸಿದೆ. ಇವರು ನಿಧಾನಕ್ಕೆ ಒಳಗೆ ಹೋದರು, ನೆಲಕ್ಕೆ ಬಿದ್ದ ರಸಮಟ್ಟ ಎತ್ತಿಡುವ ಸದ್ದು ಕೇಳಿಸಿತು. ನಾನು ಮಂಡಿಯೂರಿ ಸಾಕೆಟ್ಟನ್ನು ಬೋಲ್ಟಿಗೆ ಕೂರಿಸಿ ಗುಂಡಿ ಒತ್ತಿದೆ.

ಒಳಗಿನಿಂದ ಎರಡು ಬಡಿತ ಬಂತು. ಒತ್ತಿದೆ. ಮತ್ತೆ ಎರಡು. ಒತ್ತಿದೆ. ಆಮೇಲೆ ಒಂದು, ಗಟ್ಟಿಯಾಗಿ. ನಿಲ್ಲಿಸಿ ತಿರುಗಿ ಬಡಿದೆ. ತಮ್ಮನನ್ನು ನೆನೆದೆ, ಡಾಕ್ಟರನ್ನು ನೆನೆದೆ, ಅಂಗಡಿಯಾಕೆಯ ಸ್ಟೂಲನ್ನು ನೆನೆದೆ. ಆ ಎರಡು ಸತ್ತ ಬ್ಯಾಟರಿಗಳಿಗೂ ಕೈ ಮುಗಿದೆ, ಅವುಗಳ ಋಣವೂ ನಮ್ಮ ಮೇಲಿದೆ. ನಾಲ್ಕನೆಯ ಕಾಲೂ ಇಳಿಯಿತು. ಒಂದು ಬಡಿತ ಬಂತು, ಉತ್ತರ ಕೊಟ್ಟೆ, ಕೆಲಸ ಮುಗಿಯಿತು ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಅಷ್ಟರಲ್ಲಿ ಮತ್ತೊಂದು ಬಡಿತ. ನಮ್ಮ ಲೆಕ್ಕದಲ್ಲಿ ಇಲ್ಲದ ಬಡಿತ. ಇನ್ನೇನು ಎಂದು ಹೊರಗಿನಿಂದಲೇ ಕೂಗಿದೆ.

"ಏನಿಲ್ಲ, ಇದ್ದೀನಿ ಅಂತ ಬಡಿದೆ. ಟೀಗೆ ಇಟ್ಟಿದ್ದೀನಿ, ಬಾ."